ವಿಮಾನದಿಂದ ಸಮುದ್ರಕ್ಕೆ ಎಸೆಯೋ ಸೆನ್ಸರ್‌ಗಳು: ಎಎಕ್ಸ್‌ಬಿಟಿ, ಎಎಕ್ಸ್‌ಸಿಟಿಡಿ, ಅಲಾಮೊ – ಯಾವ್ದು ದುಡ್ಡಿಗೆ ತಕ್ಕ ಮಾಲು?

ಫೋನು, ಮಿಕ್ಸಿ, ದೋಸೆ ಹೋಟೆಲು ಎಲ್ಲದಕ್ಕೂ ಕನ್ನಡದಲ್ಲಿ ರಿವ್ಯೂ ಸಿಗುತ್ತೆ, ಚಂಡಮಾರುತ ಬರೋ ದಾರೀಲಿ ವಿಮಾನದಿಂದ ಸಮುದ್ರಕ್ಕೆ ಎಸೆದು ಆಳದ ನೀರಿನ ಬಿಸಿ, ಉಪ್ಪು ಅಳೆಯೋ ಸಾಮಾನಿನ ಬಗ್ಗೆ ಒಬ್ರೂ ಬರ್ದಿಲ್ಲ, ಹಾಗಾಗಿ ನಾನೇ ಬರೀತಿದೀನಿ. ಕರಾವಳಿಯವ ನಾನು, ಕೆಲ್ಸ ಸಮುದ್ರದ ಡೇಟಾ ಜೊತೆ. ವಿಮಾನದಲ್ಲಿ ನಿಂತು ಎಸೆಯೋರ ಪೈಕಿ ಅಲ್ಲ, ಎಸೆದಾದ್ಮೇಲೆ ಬಂದಿರೋ ಫೈಲನ್ನ ಬಿಡಿಸಿ ಇದು ನಂಬೋ ಹಾಗಿದ್ಯಾ ಇಲ್ವಾ ಅಂತ ತಲೆ ಕೆಡಿಸ್ಕೊಳ್ಳೋರ ಪೈಕಿ. ಆದ್ರಿಂದ ಈ ರಿವ್ಯೂ ಪೂರ್ತಿ ಬಳಸೋನ ಕಡೆಯಿಂದ. ತೀರ್ಪು ಮೊದ್ಲೇ ಬೇಕು ಅನ್ನೋರಿಗೆ: ಅಟ್ಲಾಂಟಿಕ್‌ಗೆ, ಮೆಕ್ಸಿಕೊ ಕೊಲ್ಲಿಗೆ ಹಳೇ ಎಎಕ್ಸ್‌ಬಿಟಿನೇ (ಬಿಸಿ ಮಾತ್ರ ಅಳೆಯೋದು) ಇವತ್ತಿಗೂ ಬೆಸ್ಟ್ ಬೈ. ನಮ್ಮ ಬಂಗಾಳ ಕೊಲ್ಲಿಗೆ ಅದೊಂದನ್ನೇ ನಂಬ್ಕೊಂಡು ಕೂತ್ರೆ ಅರ್ಧ ಕಥೆ ಮಾತ್ರ ಸಿಗೋದು. ಯಾಕೆ ಅಂತ ಹೇಳ್ತೀನಿ.

ಮೊದ್ಲು ಡಬ್ಬಿ ವಿಷ್ಯ. ಈ ಫೀಲ್ಡಲ್ಲಿ ಎಲ್ಲರೂ 'ಎ ಸೈಜ್' ಅಂತಾರೆ. ಉದ್ದ 91 ಸೆಂಟಿಮೀಟರ್, ಅಡ್ಡಳತೆ 12 ಸೆಂಟಿಮೀಟರ್ ಚಿಲ್ಲರೆ, ಅಷ್ಟೆ. ಎರಡನೇ ಮಹಾಯುದ್ಧದಲ್ಲಿ ಸಬ್‌ಮರೀನ್ ಹುಡುಕೋಕೆ ಅಂತ ಶುರುವಾದ ಸೋನೊಬಾಯ್ (ನೀರೊಳಗಿನ ಶಬ್ದ ಕೇಳೋ ತೇಲು ಡಬ್ಬಿ) ವಂಶದ ಅಳತೆ ಇದು. ಆಮೇಲೆ ಯಾರು ಎಂತ ಸೆನ್ಸರ್ ಮಾಡಿದ್ರೂ ಇದೇ ಕೊಳವೆಗೆ ತುರುಕ್ಲೇಬೇಕು, ಯಾಕಂದ್ರೆ ವಿಮಾನದಲ್ಲಿರೋ ಲಾಂಚ್ ಟ್ಯೂಬ್ ಆ ಅಳತೆಗೇ ಇರೋದು. ವಿಜ್ಞಾನಿಗಳು ಇದನ್ನ ಬೈಕೊಳ್ತಾರೆ, ಜಾಗ ಸಾಲಲ್ಲ, ದೊಡ್ಡ ಬ್ಯಾಟರಿ ಹಿಡಿಯಲ್ಲ, ಆಂಟೆನಾ ಮಡಚಿಡಬೇಕು ಅಂತ. ನನಗೆ ಮಾತ್ರ ಇದೇ ಈ ಪ್ರಾಡಕ್ಟಿನ ದೊಡ್ಡ ಪ್ಲಸ್ ಪಾಯಿಂಟ್ ಅನ್ಸುತ್ತೆ. ಸಮುದ್ರ ಕಾಯೋ ವಿಮಾನ ಪಿ-3 ಓರಿಯನ್ ಇರ್ಲಿ, ಪಿ-8 ಇರ್ಲಿ, ಅದೇ ಡಬ್ಬಿ ನಡೆಯುತ್ತೆ, ವಿಮಾನಕ್ಕೆ ಹೊಸ ತೂತು ಕೊರೆಯೋ ಕೆಲ್ಸ ಇಲ್ಲ. ವಿಮಾನಕ್ಕೆ ಒಂದು ಬೋಲ್ಟ್ ಹೊಸದಾಗಿ ಹಾಕೋಕೆ ಎಷ್ಟು ಪೇಪರ್ ಓಡಾಡಬೇಕು ಅಂತ ಆ ಕಡೆ ಕೆಲ್ಸ ಮಾಡೋರ ಹತ್ರ ಒಮ್ಮೆ ಕೇಳಿ ನೋಡಿ, ಆಮೇಲೆ ಈ ಡಬ್ಬಿ ಮೇಲೆ ಗೌರವ ಬರುತ್ತೆ.

ಈಗ ಎಎಕ್ಸ್‌ಬಿಟಿ. ಅಮೆರಿಕದ ನೌಕಾಪಡೆಯ ಕ್ಯಾಟಲಾಗಲ್ಲಿ ಎಸ್‌ಎಸ್‌ಕ್ಯು-36 ಅಂತ ಹೆಸ್ರು. ಕೆಲ್ಸ ಒಂದೇ, ಸಮುದ್ರದ ಮೇಲಿಂದ ಕೆಳಗೆ ಎಷ್ಟೆಷ್ಟು ಆಳದಲ್ಲಿ ಎಷ್ಟು ಬಿಸಿ ಇದೆ ಅಂತ ಹೇಳೋದು. ವಿಮಾನದಿಂದ ಬಿದ್ದ ತಕ್ಷಣ ಸಣ್ಣ ಪ್ಯಾರಾಚೂಟ್ ಬಿಚ್ಕೊಳ್ಳುತ್ತೆ, ನೀರಿಗೆ ಬಿದ್ಮೇಲೆ ಉಪ್ಪುನೀರು ತಾಗಿದ್ರೇನೆ ಚಾಲೂ ಆಗೋ ಬ್ಯಾಟರಿ ಎದ್ದು ಕೂರುತ್ತೆ, ತೇಲೋ ಭಾಗ ಮೇಲೆ ಉಳ್ಕೊಂಡು ಆಂಟೆನಾ ಎತ್ತುತ್ತೆ, ಆಮೇಲೆ ಪ್ರೋಬ್ ಕಳಚ್ಕೊಂಡು ಕೆಳಗೆ ಹೋಗುತ್ತೆ, ಹೋಗ್ತಾ ಹೋಗ್ತಾ ಕೂದಲಿನಷ್ಟು ತೆಳು ತಾಮ್ರದ ತಂತಿ ಗಾಳಿಪಟದ ದಾರದ ಉಂಡೆ ಬಿಚ್ಚಿದ ಹಾಗೆ ಬಿಚ್ಕೊಳ್ತಾ ಇರುತ್ತೆ. ಪ್ರೋಬಿನ ಮೂತೀಲಿ ಬಿಸಿ ಅಳೆಯೋ ಒಂದು ಥರ್ಮಿಸ್ಟರ್. ಅದರ ಓದು ತಂತಿ ಮೂಲಕ ಮೇಲೆ ಬಂದು ಎಫ್‌ಎಂ ರೇಡಿಯೊದಲ್ಲಿ ವಿಮಾನಕ್ಕೆ ಹೋಗುತ್ತೆ. ಸಾಮಾನ್ಯವಾಗಿ ಮೂರು ಚಾನಲ್: 170.5, 172.0, 173.5 ಮೆಗಾಹರ್ಟ್ಸ್.

ನನಗೆ ಇಷ್ಟ ಆಗೋದು ಇಲ್ಲೇ. ಡಿಜಿಟಲ್ ಗಿಜಿಟಲ್ ಏನೂ ಇಲ್ಲ ಮಾರಾಯ್ರೆ, ಬರೀ ಒಂದು ಶಿಳ್ಳೆ. ಟೆಂಪರೇಚರ್ ಶೂನ್ಯ ಡಿಗ್ರಿ ಇದ್ರೆ 1440 ಹರ್ಟ್ಸ್, ಒಂದೊಂದು ಡಿಗ್ರಿಗೆ 36 ಹರ್ಟ್ಸ್ ಜಾಸ್ತಿ. ಅಂದ್ರೆ 28 ಡಿಗ್ರಿ ನೀರಲ್ಲಿ 2448 ಹರ್ಟ್ಸ್ ಕೇಳುತ್ತೆ, 10 ಡಿಗ್ರಿಗೆ ಇಳಿದಾಗ 1800. ಒಂದು ರೆಕಾರ್ಡಿಂಗ್ ಹಾಕ್ಕೊಂಡು ಇಯರ್‌ಫೋನಲ್ಲಿ ಕೇಳಿದ್ರೆ ಶುರುವಲ್ಲಿ ಬರೀ ಗರಗರ ಅನ್ನೋ ಸದ್ದು, ಆಮೇಲೆ ಏಕ್‌ದಂ ಸೈಲೆಂಟ್, ಅಂದ್ರೆ ತೇಲೋ ಭಾಗ ರೇಡಿಯೊ ಆನ್ ಮಾಡಿದೆ, ಪ್ರೋಬ್ ಇನ್ನೂ ಬಿಟ್ಟಿಲ್ಲ. ಒಂದಷ್ಟು ಸೆಕೆಂಡ್ ಆದ್ಮೇಲೆ ಶಿಳ್ಳೆ ಶುರು, ಕೆಲವು ಹೊತ್ತು ಒಂದೇ ಸ್ಥಾಯೀಲಿ ಇರುತ್ತೆ, ಅದು ಮೇಲಿನ ಕಲಸಿದ ಪದರ. ಆಮೇಲೆ ಸಡನ್ನಾಗಿ ಶ್ರುತಿ ಇಳಿಯೋಕೆ ಶುರುವಾಗುತ್ತೆ, ಥರ್ಮೊಕ್ಲೈನ್ (ಆಳಕ್ಕೆ ಹೋದ ಹಾಗೆ ಬಿಸಿ ಬೇಗ ಬೀಳೋ ಪದರ) ಬಂತು ಅಂತ ಗ್ರಾಫ್ ನೋಡದೇನೆ ಗೊತ್ತಾಗುತ್ತೆ. ಕಿವೀಲೇ ಕ್ವಾಲಿಟಿ ಚೆಕ್ ಮಾಡ್ಬೋದಾದ ಸಮುದ್ರ ಉಪಕರಣ ನನಗೆ ಗೊತ್ತಿರೋ ಮಟ್ಟಿಗೆ ಇದೊಂದೆ. ಇನ್ನೊಂದು ಲಾಭ ಏನಂದ್ರೆ ಆ ಶಬ್ದವನ್ನ ಹಾಗೇ ಆಡಿಯೊ ಫೈಲ್ ಮಾಡಿಟ್ರೆ ಸಾಕು, ವಿಮಾನದಲ್ಲಿ ಸಾಫ್ಟ್‌ವೇರ್ ಕೈ ಕೊಟ್ರೂ ಕೆಳಗೆ ಇಳಿದು ಬಂದ್ಮೇಲೆ ಮತ್ತೆ ಬಿಡಿಸ್ಕೊಬೋದು.

ಸರಿ, ಹೊಗಳಿದ್ದು ಸಾಕು. ಇದರ ದೊಡ್ಡ ಕೊರತೆ ಥರ್ಮಿಸ್ಟರ್ ಅಲ್ಲ, ಆಳ. ತುಂಬಾ ಜನ ಸ್ಪೆಕ್ ಶೀಟಲ್ಲಿ ಟೆಂಪರೇಚರ್ ಪಕ್ಕ ಇರೋ ಪ್ಲಸ್ ಮೈನಸ್ ನೋಡಿ ಅಯ್ಯೊ ಅಂತಾರೆ, ಅದು ಅಷ್ಟು ದೊಡ್ಡ ವಿಷ್ಯ ಅಲ್ಲ, ಪ್ರಾಕ್ಟಿಕಲ್ಲಾಗಿ ಅದಕ್ಕಿಂತ ಚೆನ್ನಾಗೇ ಓದುತ್ತೆ. ಆದ್ರೆ ಈ ಪ್ರೋಬಲ್ಲಿ ಒತ್ತಡ ಅಳೆಯೋ ಸೆನ್ಸರ್ ಇಲ್ಲವೇ ಇಲ್ಲ. ಆಳ ಅಂದ್ರೆ ಬರೀ ಟೈಮ್ ಗುಣಿಸು ವೇಗ. ನೌಕಾಪಡೆಯ ಸ್ಟ್ಯಾಂಡರ್ಡ್ ಲೆಕ್ಕ ಸೆಕೆಂಡಿಗೆ 1.52 ಮೀಟರ್, ಅಂದ್ರೆ ಐದು ಅಡಿ. ಮಾಮೂಲಿ ಪ್ರೋಬ್ ಸುಮಾರು 350 ಮೀಟರ್ ತನಕ ಇಳಿಯೋಕೆ ನಾಲ್ಕು ನಿಮಿಷಕ್ಕೆ ಸ್ವಲ್ಪ ಕಮ್ಮಿ ಬೇಕು, ಆಳದ ಮಾದರಿ 800 ಮೀಟರ್ ಹತ್ರ ಹೋಗೋಕೆ ಒಂಬತ್ತು ನಿಮಿಷ. ಆಮೇಲೆ ಬೇರೆಯವ್ರು ಹಡಗಿನ ಸಿಟಿಡಿ (ಬಿಸಿ, ಉಪ್ಪು, ಆಳ ಒಟ್ಟಿಗೆ ಅಳೆಯೋ ಯಂತ್ರ) ಜೊತೆ ಹೋಲಿಸಿ ನೋಡಿದಾಗ ಕೆಲವು ಮಾದರಿಗಳು ಶುರುವಲ್ಲಿ 1.6ರ ಹತ್ರ ಇಳಿಯುತ್ವೆ ಅಂತ ಕಂಡ್ಬಂತು. ಸಣ್ಣ ವ್ಯತ್ಯಾಸ ಅನ್ಸುತ್ತೆ ಅಲ್ವಾ? ನೂರು ಸೆಕೆಂಡಿಗೆ ಎಂಟು ಮೀಟರ್ ಆಯ್ತು. ಥರ್ಮೊಕ್ಲೈನಲ್ಲಿ ಹತ್ತು ಮೀಟರಿಗೆ ಒಂದು ಡಿಗ್ರಿ ಬೀಳೋ ಜಾಗದಲ್ಲಿ ಈ ಎಂಟು ಮೀಟರ್ ಅಂದ್ರೆ ಮುಕ್ಕಾಲು ಡಿಗ್ರಿಗಿಂತ ಜಾಸ್ತಿ ತಪ್ಪು. ಒಳ್ಳೇ ಥರ್ಮಿಸ್ಟರ್ ಕೊಟ್ಟು ಏನು ಉಪಯೋಗ, ಯಾವ ಆಳದ ಓದು ಅಂತ ಗೊತ್ತಿಲ್ಲದಿದ್ರೆ. ಅದಕ್ಕೆ ಯಾವ ಸಮೀಕರಣ ಬಳಸಿದಾರೆ ಅಂತ ಫೈಲಲ್ಲಿ ಬರ್ದಿಲ್ಲದ ಡೇಟಾನ ನಾನು ಮುಟ್ಟೋದೇ ಇಲ್ಲ, ನೀವೂ ಮುಟ್ಬೇಡಿ.

ಸಾಯೋದೂ ಇದೆ. ಕೆಲವು ನೀರಿಗೆ ಬಿದ್ಮೇಲೆ ಎದ್ದೇಳಲ್ಲ. ಕೆಲವು ಎದ್ದೇಳುತ್ವೆ, ರೇಡಿಯೊ ಬರುತ್ತೆ, ಪ್ರೋಬ್ ಮಾತ್ರ ಬಿಡಲ್ಲ, ಸೈಲೆಂಟಾಗಿ ತೇಲ್ತಾ ಇರುತ್ತೆ. ಕೆಲವದ್ರಲ್ಲಿ ತಂತಿ ಮಧ್ಯದಲ್ಲೇ ತುಂಡು. ಇದ್ರಲ್ಲೆಲ್ಲ ಮೋಸ ಕಮ್ಮಿ, ಸತ್ತಿದ್ದು ಸತ್ತಿದೆ ಅಂತ ಗೊತ್ತಾಗುತ್ತೆ. ಕಿರಿಕಿರಿ ಮಾಡೋದು ಪ್ರೋಬ್ ಹೊರಟ ಮೇಲೂ ಸಿಗ್ನಲ್ ಗರಗರದಲ್ಲೇ ಮುಳುಗಿದ್ದು ಸಾಫ್ಟ್‌ವೇರ್ ಎರಡ್ಮೂರು ಸೆಕೆಂಡ್ ಆದ್ಮೇಲೆ ಶೂನ್ಯ ಎಣಿಸೋಕೆ ಶುರು ಮಾಡಿದಾಗ. ಗ್ರಾಫ್ ನೋಡೋಕೆ ಚೆನ್ನಾಗೇ ಇರುತ್ತೆ, ಪೂರ್ತಿ ಪ್ರೊಫೈಲ್ (ಆಳಕ್ಕೆ ತಕ್ಕ ಬಿಸಿಯ ಗೆರೆ) ಮಾತ್ರ ಮೂರ್ನಾಲ್ಕು ಮೀಟರ್ ಮೇಲೆ ಜರುಗಿರುತ್ತೆ. ಇನ್ನು ಒಂದೇ ಚಾನಲ್‌ನ ಎರಡು ಡಬ್ಬಿ ಹತ್ತತ್ರ ಬಿದ್ರೆ ಎರಡರ ಶಿಳ್ಳೇನೂ ಕಲೆಸಿ ಹೋಗುತ್ತೆ, ಅದಕ್ಕೇ ಎಸೆಯೋರು ಚಾನಲ್ ಬದಲಾಯಿಸ್ತಾ ಬದಲಾಯಿಸ್ತಾ ಹೋಗ್ಬೇಕು.

ಇಷ್ಟೆಲ್ಲ ಕಷ್ಟ ಯಾಕೆ, ಉಪಗ್ರಹ ಇದ್ಯಲ್ಲ ಅಂತ ಕೇಳೋರಿಗೆ: ಉಪಗ್ರಹಕ್ಕೆ ಕಾಣೋದು ಸಮುದ್ರದ ಚರ್ಮ ಅಷ್ಟೆ. ಇನ್‌ಫ್ರಾರೆಡ್‌ಗೆ ಮೋಡ ಅಡ್ಡ, ಮೈಕ್ರೊವೇವ್‌ಗೆ ಜೋರು ಮಳೆ ಅಡ್ಡ, ಚಂಡಮಾರುತದ ಅಡಿಯಲ್ಲಿ ಇರೋದೇ ಇವೆರಡು. ಜೊತೆಗೆ ಚಂಡಮಾರುತ ಬಂದ್ರೆ ಮೇಲಿನ ನೀರನ್ನ ಕೆಳಗಿನ ತಣ್ಣೀರಿನ ಜೊತೆ ಕಲಸಿಬಿಡುತ್ತೆ. ಮೇಲೆ 30 ಡಿಗ್ರಿ ಇದ್ದು ಆ ಬಿಸಿ 20 ಮೀಟರಿಗೇ ಮುಗಿದ್ರೆ ಕಲಸಿದ ತಕ್ಷಣ ತಣ್ಣಗಾಗಿ ಚಂಡಮಾರುತಕ್ಕೆ ಅನ್ನ ನಿಲ್ಲುತ್ತೆ, ಅದೇ ಬಿಸಿ ನೂರು ಮೀಟರ್ ತನಕ ಇದ್ರೆ ಎಷ್ಟು ಕಲಸಿದ್ರೂ ಬಿಸಿನೇ. 1995ರ ಒಪಲ್, 2005ರ ಕತ್ರಿನಾ ಎರಡೂ ಮೆಕ್ಸಿಕೊ ಕೊಲ್ಲೀಲಿ ಲೂಪ್ ಕರೆಂಟ್ ಅನ್ನೋ ಬಿಸಿ ಪ್ರವಾಹದ ಇಂಥ ಆಳದ ಬಿಸಿನೀರಿನ ಮೇಲೆ ಹಾದು ಹೋಗ್ವಾಗ್ಲೇ ರಾಕ್ಷಸ ಆಗಿದ್ದು. ಅದಕ್ಕೆ 26 ಡಿಗ್ರಿ ಎಷ್ಟು ಆಳದಲ್ಲಿದೆ ಅಂತ ನೋಡಿ, ಅದರ ಮೇಲಿರೋ ಹೆಚ್ಚುವರಿ ಶಾಖವನ್ನ ಒಂದು ಚದರ ಸೆಂಟಿಮೀಟರಿಗೆ ಇಷ್ಟು ಕಿಲೊಜೂಲ್ ಅಂತ ಲೆಕ್ಕ ಹಾಕ್ತಾರೆ. 60 ಮೀಟರ್ ದಪ್ಪಕ್ಕೆ ಸರಾಸರಿ ಎರಡೂವರೆ ಡಿಗ್ರಿ ಜಾಸ್ತಿ ಇದ್ರೆ ಹತ್ತತ್ರ 60 ಬರುತ್ತೆ, 50 ದಾಟಿದ್ರೆ ಮುನ್ಸೂಚನೆ ಮಾಡೋರು ಕಿವಿ ನಿಮಿರಿಸ್ತಾರೆ. ಈ ಲೆಕ್ಕಕ್ಕೆ ಬೇಕಾಗಿರೋದು ಮೇಲಿನ ನೂರಿನ್ನೂರು ಮೀಟರ್ ಟೆಂಪರೇಚರ್ ಮಾತ್ರ, ಎಎಕ್ಸ್‌ಬಿಟಿ ಹೇಳಿ ಮಾಡ್ಸಿದ ಸಾಮಾನು.

ಇದನ್ನ ದಿನನಿತ್ಯದ ಕೆಲ್ಸಕ್ಕೆ ಬಳಸೋಕೆ ಬಂದಿದ್ದು ಒಂಥರಾ ಮಜಾ ಕಥೆ. ಅಮೆರಿಕದ ವಾಯುಪಡೆಯ ಮೀಸಲು ದಳ, 53ನೇ ವೆದರ್ ರೆಕಾನೆಸೆನ್ಸ್ ಸ್ಕ್ವಾಡ್ರನ್, ಮಿಸಿಸಿಪ್ಪಿಯ ಬಿಲೊಕ್ಸಿ ಹತ್ರ ಕೀಸ್ಲರ್ ನೆಲೆಯಿಂದ ಡಬ್ಲ್ಯುಸಿ-130ಜೆ ವಿಮಾನದಲ್ಲಿ ಹೇಗೂ ಚಂಡಮಾರುತದ ಒಳಗೆ ಹೋಗ್ತಾನೆ ಇರುತ್ತೆ, ಗಾಳಿ ಅಳೆಯೋ ಡ್ರಾಪ್‌ಸಾಂಡ್ ಎಸೀತಾ ಇರುತ್ತೆ. 2011ರಲ್ಲಿ ಅಮೆರಿಕದ ನೇವಲ್ ಅಕಾಡೆಮಿಯವ್ರು, ಎಲಿಜಬೆತ್ ಸನಾಬಿಯಾ ಅನ್ನೋ ಅಧಿಕಾರಿ ಮುಂದಾಳತ್ವದಲ್ಲಿ, ಹೇಗೂ ಹೋಗ್ತೀರಲ್ಲ ನಮ್ಮ ಡಬ್ಬೀನೂ ಎಸೀತೀವಿ ಅಂತ ಹತ್ಕೊಂಡ್ರು. ಕಾಲೇಜು ವಯಸ್ಸಿನ ಕೆಡೆಟ್‌ಗಳು ಚಂಡಮಾರುತದ ಒಳಗೆ ಕೂತು ಶಿಳ್ಳೆ ಕೇಳಿ, ಪ್ರೊಫೈಲ್ ಸರಿ ಮಾಡಿ, ಅಲ್ಲಿಂದಲೇ ಮಾಡೆಲ್‌ಗಳಿಗೆ ಕಳಿಸೋದು. ಅದೇ ಕಾರ್ಯಕ್ರಮದಿಂದ ಎಆರ್‌ಇಎಸ್ ಅನ್ನೋ, ಶಿಳ್ಳೆಯಿಂದ ಪ್ರೊಫೈಲ್ ಬಿಡಿಸೋ ಓಪನ್ ಸೋರ್ಸ್ ಪ್ರೋಗ್ರಾಂ ಬಂತು, ಪೈಥಾನಲ್ಲಿ ಬರ್ದಿದ್ದು. ಲಕ್ಷಗಟ್ಲೆ ಬಾಳೋ ರಿಸೀವರ್ ಜೊತೆ ಬರೋ ಮುಚ್ಚಿದ ಸಾಫ್ಟ್‌ವೇರ್‌ಗಿಂತ ಇದು ನೂರು ಪಾಲು ವಾಸಿ, ಏನು ಲೆಕ್ಕ ಹಾಕ್ತಿದೆ ಅಂತ ಕೋಡ್ ತೆರೆದು ನೋಡ್ಬೋದು. ಈ ಇಡೀ ಪ್ಯಾಕೇಜಿಗೆ ಒಂದು ಸ್ಟಾರ್ ಎಕ್ಸ್‌ಟ್ರಾ ಕೊಡೋದಾದ್ರೆ ಅದು ಇದಕ್ಕೆ.

ಈಗ ಎಎಕ್ಸ್‌ಸಿಟಿಡಿ. ಅದೇ ಡಬ್ಬಿ, ಅದೇ ತಂತಿ, ಆದ್ರೆ ಟೆಂಪರೇಚರ್ ಜೊತೆ ನೀರಿನ ವಿದ್ಯುತ್ ವಾಹಕತೆನೂ ಅಳೆಯುತ್ತೆ, ಅದ್ರಿಂದ ಉಪ್ಪಿನಂಶ ಸಿಗುತ್ತೆ, ಆಳ 1000 ಮೀಟರ್ ತನಕ. ಶಿಳ್ಳೆ ಬದ್ಲು ಡಿಜಿಟಲ್ ಸಿಗ್ನಲ್, ಕಿವಿಗೆ ಬರೀ ಕರ್ಕಶ ಸದ್ದು, ಆ ಮಜಾ ಹೋಯ್ತು. ಮಯಾಮಿ ವಿಶ್ವವಿದ್ಯಾಲಯದ ಲಿನ್ ಶೇ ತಂಡ ನೋವಾ (ಅಮೆರಿಕದ ಸಮುದ್ರ-ಹವಾಮಾನ ಸಂಸ್ಥೆ) ಪಿ-3 ವಿಮಾನಗಳಿಂದ 2002ರಲ್ಲಿ ಇಸಿಡೋರ್, ಲಿಲಿ ಚಂಡಮಾರುತಗಳಿಗೆ ಇದನ್ನ ಬಳಸಿತ್ತು. 2010ರಲ್ಲಿ ಡೀಪ್‌ವಾಟರ್ ಹೊರೈಜನ್ ಎಣ್ಣೆ ಸೋರಿದಾಗ ಎಣ್ಣೆ ಲೂಪ್ ಕರೆಂಟಿಗೆ ಸೇರ್ಕೊಂಡು ಫ್ಲೋರಿಡಾ ಕಡೆ ಹೋಗ್ಬಿಡುತ್ತಾ ಅಂತ ನೋಡೋಕೂ ಇದೇ ಪಿ-3ಯಿಂದ ಇಂಥ ಡಬ್ಬಿಗಳನ್ನ ಎಸೆದ್ರು. ಅಂದಹಾಗೆ ಆ ಎರಡು ಪಿ-3ಗೆ ಕರ್ಮಿಟ್, ಮಿಸ್ ಪಿಗ್ಗಿ ಅಂತ ಗೊಂಬೆಗಳ ಹೆಸ್ರು, ಸರ್ಕಾರಿ ವಿಮಾನಕ್ಕೆ ಇಂಥ ಹೆಸ್ರಿಡೋ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ. ಎಎಕ್ಸ್‌ಸಿಟಿಡಿ ಬೆಲೆ ಎಎಕ್ಸ್‌ಬಿಟಿಗಿಂತ ಸುಮಾರು ಜಾಸ್ತಿ, ಹಾಗಾಗಿ ಮೆಕ್ಸಿಕೊ ಕೊಲ್ಲೀಲಿ ಎಲ್ಲಾ ಕಡೆ ಇದನ್ನೇ ಹಾಕಿ ಅಂದ್ರೆ ಯಾರೂ ಒಪ್ಪಲ್ಲ, ಅಲ್ಲಿ ಅಗತ್ಯನೂ ಅಷ್ಟಿಲ್ಲ.

ಬಂಗಾಳ ಕೊಲ್ಲಿ ಬೇರೆ ಲೋಕ. ಗಂಗೆ, ಬ್ರಹ್ಮಪುತ್ರ, ಐರಾವತಿ, ಮಹಾನದಿ ಎಲ್ಲಾ ತಂದು ಸುರಿಯೋ ನೀರು, ಮೇಲಿಂದ ಮುಂಗಾರು ಮಳೆ, ಎಲ್ಲ ಸೇರಿ ಉತ್ತರದ ಕಡೆ ಮೇಲೊಂದು ತೆಳು ಸಿಹಿ ಪದರ ಕೂತ್ಬಿಡುತ್ತೆ. ಬೇರೆ ಸಮುದ್ರದಲ್ಲಿ ಸಾವಿರಕ್ಕೆ 35 ಭಾಗ ಉಪ್ಪು ಇದ್ರೆ ಇಲ್ಲಿ ಮಳೆಗಾಲ ಮುಗಿಯೋ ಹೊತ್ತಿಗೆ 30ಕ್ಕಿಂತ ಕೆಳಗೆ ಹೋಗುತ್ತೆ. ಸಿಹಿನೀರು ಹಗುರ, ಉಪ್ಪುನೀರಿನ ಮೇಲೆ ಅಲ್ಲಾಡದೆ ಕೂರುತ್ತೆ. ಅದರ ಅಡಿಗೆ ಉಪ್ಪಿರೋ ಆದ್ರೆ ಬಿಸಿಯಾಗೇ ಇರೋ ಇನ್ನೊಂದು ಪದರ, ಇದನ್ನ ಬ್ಯಾರಿಯರ್ ಲೇಯರ್ ಅಂತಾರೆ. ಚಂಡಮಾರುತ ಬಂದು ಕಲಸೋಕೆ ನೋಡಿದ್ರೂ ಕೆಳಗಿನ ತಣ್ಣೀರು ಸುಲಭಕ್ಕೆ ಮೇಲೆ ಬರಲ್ಲ, ಅಕ್ಟೋಬರ್-ನವೆಂಬರಿನ ಚಂಡಮಾರುತಗಳಿಗೆ ಇದು ಹಬ್ಬ. ಈ ಕಥೆ ಪೂರ್ತಿ ಉಪ್ಪಿನದ್ದು. ಎಎಕ್ಸ್‌ಬಿಟಿಗೆ ಉಪ್ಪು ಕಾಣಲ್ಲ.

ಇನ್ನೂ ಒಂದು ತಲೆನೋವು ಇದೆ. ಚಳಿಗಾಲದಲ್ಲಿ ಉತ್ತರ ಬಂಗಾಳ ಕೊಲ್ಲೀಲಿ ಮೇಲಿನ ಸಿಹಿ ಪದರ ತಣ್ಣಗಾಗಿ, ಅದರ ಕೆಳಗೆ ಒಂದು-ಎರಡು ಡಿಗ್ರಿ ಬಿಸಿ ನೀರು ಇರುತ್ತೆ, ಉಲ್ಟಾ. ನಮ್ಮ ಕಡೆ ಲಕ್ಷದ್ವೀಪ ಸಮುದ್ರದಲ್ಲೂ ಇಂಥ ಉಲ್ಟಾ ಪದರ ಬರೋದುಂಟು. ಅಟ್ಲಾಂಟಿಕ್ ನೋಡ್ಕೊಂಡು ಬರ್ದ ಆಟೊಮ್ಯಾಟಿಕ್ ಕ್ವಾಲಿಟಿ ಚೆಕ್‌ಗೆ ಈ ಪ್ರೊಫೈಲ್ ಕೊಟ್ರೆ 'ಸೆನ್ಸರ್ ಕೆಟ್ಟಿದೆ' ಅಂತ ಕೆಂಪು ಬಾವುಟ ಹಾರಿಸುತ್ತೆ. ಕೆಟ್ಟಿದೆಯೋ ಅಥವಾ ಕೊಲ್ಲಿ ನಿಜಕ್ಕೂ ಹಾಗೇ ಇದೆಯೋ ಅಂತ ಟೆಂಪರೇಚರ್ ಒಂದೇ ನೋಡಿ ಹೇಳೋದು ಹೇಗೆ? ಪಕ್ಕದಲ್ಲಿ ಉಪ್ಪಿನ ಓದು ಇದ್ರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತೆ: ಬಿಸಿ ಪದರದಲ್ಲಿ ಉಪ್ಪು ಜಾಸ್ತಿ ಇದ್ದು ಸಾಂದ್ರತೆ ಸರಿಯಾಗಿ ಕೆಳಮುಖ ಏರ್ತಾ ಇದ್ರೆ ನಿಜ, ಇಲ್ಲಾಂದ್ರೆ ಕಸ. ಬೆಂಗಳೂರಿನ ಐಐಎಸ್‌ಸಿಯವ್ರು ಬಂಗಾಳ ಕೊಲ್ಲೀಲಿ 1999ರ ಬಾಬ್‌ಮೆಕ್ಸ್, 2016ರ ಬಾಬಲ್ ಅಂತ ಹಡಗು ತಗೊಂಡು ಹೋಗಿ ಮಾಡಿದ ಕೆಲ್ಸದಲ್ಲೆಲ್ಲ ಸಿಟಿಡಿನೇ ಮುಖ್ಯ ಆಯುಧ. ಸುಮ್ನೆ ಅಲ್ಲ.

ಅಲಾಮೊ ವಿಷ್ಯಕ್ಕೆ ಬರೋಣ. ಇದು ಹೊಸ ಕಾಲದ ಮಾಲು, ಸ್ಯಾನ್ ಡಿಯೇಗೊದ ಎಂಆರ್‌ವಿ ಸಿಸ್ಟಮ್ಸ್ ಮಾಡೋದು, ವುಡ್ಸ್ ಹೋಲ್ ಸಂಸ್ಥೆಯ ಸ್ಟೀವನ್ ಜೇನ್ ಇದರ ಹಿಂದೆ ಬಿದ್ದು ಚಂಡಮಾರುತಕ್ಕೆ ಬಳಸಿದ್ದು. ಡಬ್ಬಿ ಮತ್ತೆ ಅದೇ ಎ ಸೈಜ್. ಆದ್ರೆ ತಂತಿ ಇಲ್ಲ, ಒಂದೇ ಸಲಕ್ಕೆ ಮುಗಿಯೋದೂ ಇಲ್ಲ. ಆರ್ಗೊ ಫ್ಲೋಟ್ ಗೊತ್ತಿರೋರಿಗೆ ಹೇಳೋದಾದ್ರೆ ಅದರ ಕುಳ್ಳ ತಮ್ಮ: ತನ್ನ ಹೊಟ್ಟೆಯ ಗಾತ್ರ ಹಿಗ್ಗಿಸಿ ಕುಗ್ಗಿಸಿ ಮುಳುಗುತ್ತೆ, ಏಳುತ್ತೆ, ಮೇಲೆ ಬಂದಾಗ ಇರಿಡಿಯಂ ಉಪಗ್ರಹಕ್ಕೆ ಡೇಟಾ ಕಳಿಸುತ್ತೆ, ಮತ್ತೆ ಮುಳುಗುತ್ತೆ. ಆರ್ಗೊ ಹತ್ತು ದಿನಕ್ಕೊಮ್ಮೆ 2000 ಮೀಟರಿಂದ ಎದ್ದು ಬರುತ್ತೆ, ಇದು ಕೆಲವೇ ಗಂಟೆಗೊಮ್ಮೆ ಮುನ್ನೂರು ಮೀಟರ್ ಹೋಗಿ ಬರೋಕೆ ರೆಡಿ. 2017ರಲ್ಲಿ ಇರ್ಮಾ ಬರೋ ದಾರೀಲಿ ಹತ್ತು ಅಲಾಮೊ ಎಸೆದ್ರು. ಚಂಡಮಾರುತ ಬರೋ ಮುಂಚೆ, ತಲೆ ಮೇಲಿರೋವಾಗ, ಹೋದ್ಮೇಲೆ, ಮೂರೂ ಹೊತ್ತಿನ ಪ್ರೊಫೈಲ್ ಅದೇ ಫ್ಲೋಟಿಂದ ಸಿಗೋದು ಅಂದ್ರೆ ಎಎಕ್ಸ್‌ಬಿಟಿ ಕನಸಲ್ಲೂ ಮಾಡದ ಕೆಲ್ಸ. ವಿಮಾನ ಅಲ್ಲೇ ಸುತ್ತು ಹೊಡೀತಾ ಸಿಗ್ನಲ್ ಕಾಯ್ಬೇಕಾಗಿಲ್ಲ, ಎಸೆದು ಮನೆಗೆ ಹೋಗ್ಬೋದು. ಒತ್ತಡದ ಸೆನ್ಸರ್ ಇದೆ, ಅಂದ್ರೆ ಆ 1.52ರ ಜಗಳನೇ ಇಲ್ಲ.

ಇದ್ರ ತರಹದ ಐಡಿಯಾ ಹೊಸದಲ್ಲ. 2004ರಲ್ಲಿ ಫ್ರಾನ್ಸೆಸ್ ಚಂಡಮಾರುತದ ಮುಂದೆ ಸಿ-130 ವಿಮಾನದ ಹಿಂಬಾಗಿಲಿಂದ ಪೆಟ್ಟಿಗೆ ಸಮೇತ, ದೊಡ್ಡ ಪ್ಯಾರಾಚೂಟ್ ಕಟ್ಟಿ, ಮೂರು ಇಎಂ-ಅಪೆಕ್ಸ್ ಫ್ಲೋಟ್ ಇಳಿಸಿದ್ರು, ಅವು ನೀರಿನ ಹರಿವನ್ನೂ ಅಳೆಯೋ ಜಾತಿ. ಡೇಟಾ ಅದ್ಭುತ, ಆದ್ರೆ ಆ ಪೆಟ್ಟಿಗೆ ಕಟ್ಟೋದು, ಸರಕು ವಿಮಾನ ಹೊಂದಿಸೋದು ಒಂದು ಮದುವೆ ಮಾಡಿದಷ್ಟು ಕೆಲ್ಸ. ಅಲಾಮೊ ಅದನ್ನ ಕೊಳವೆಗೆ ಇಳಿಸಿದೆ, ಅದೇ ಅದರ ದೊಡ್ಡ ಸಾಧನೆ.

ಮೈನಸ್? ಬೆಲೆ. ಒಂದು ಅಲಾಮೊ ದುಡ್ಡಲ್ಲಿ ಎಎಕ್ಸ್‌ಬಿಟಿ ಪೆಟ್ಟಿಗೆಗಟ್ಲೆ ಬರುತ್ತೆ, ಅಂಥದ್ದು ಬಿದ್ದ ಏಟಿಗೆ ಸತ್ತು ಹೋದ್ರೆ ಹೊಟ್ಟೆ ಉರಿಯುತ್ತೆ. ಎರಡನೇದು, ಅದು ಹರಿವಿನ ಜೊತೆ ತೇಲ್ಕೊಂಡು ಹೋಗುತ್ತೆ, ನಿಮಗೆ ಬೇಕಾದ ಜಾಗದಲ್ಲಿ ನಿಲ್ಲಲ್ಲ, ಎರಡು ಪ್ರೊಫೈಲ್ ಮಧ್ಯೆ ಆದ ವ್ಯತ್ಯಾಸ ಚಂಡಮಾರುತ ಮಾಡಿದ್ದೋ, ಫ್ಲೋಟ್ ಬೇರೆ ನೀರಿಗೆ ಹೋಗಿದ್ದೋ ಅಂತ ಬಿಡಿಸೋಕೆ ಕಷ್ಟ. ಒಂದು ದೊಡ್ಡ ಪ್ರದೇಶ ಪೂರ್ತಿ ನಕ್ಷೆ ಬೇಕಂದ್ರೆ ಎಎಕ್ಸ್‌ಬಿಟಿ ಗ್ರಿಡ್ ಹಾಕೋದೇ ಸರಿ. ಆರ್ಕ್ಟಿಕಲ್ಲಿ ಮಾತ್ರ ಅಲಾಮೊಗೆ ಎದುರಿಲ್ಲ. ಚುಕ್ಚಿ ಸಮುದ್ರ ಆಳ ಕಮ್ಮಿ, ನೋವಾದವ್ರು ಸಣ್ಣ ವಿಮಾನದಿಂದ ಎಸೆದು ತಳದಲ್ಲೇ ಕೂತಿರೋ ಹಾಗೆ ಪ್ರೋಗ್ರಾಂ ಮಾಡಿದ್ರು, ತಳದಲ್ಲಿ ಕೂತ್ರೆ ತೇಲಿ ಹೋಗಲ್ಲ, ಬೇಕಾದಾಗ ಎದ್ದು ಬರುತ್ತೆ. ಯಾರಿಗೆ ಹೊಳೀತೋ, ಶಭಾಷ್.

ಅಲೆ ಅಳೆಯೋ ಡಬ್ಬಿಗಳ ಬಗ್ಗೆ ಜಾಸ್ತಿ ಬರೆಯಲ್ಲ, ಅದು ನನ್ನ ಏರಿಯಾ ಅಲ್ಲ. 2022ರಲ್ಲಿ ಇಯಾನ್ ಚಂಡಮಾರುತ ಫ್ಲೋರಿಡಾಗೆ ಬಡಿಯೋ ಮುಂಚೆ ಅಮೆರಿಕದ ನೌಕಾಪಡೆಯ ಪಿ-3ಯಿಂದ ಮೂರು ಬಗೆ ತೇಲುಬಾಯ್ ಎಸೆದ್ರು, ಸ್ಕ್ರಿಪ್ಸ್ ಸಂಸ್ಥೆಯದ್ದು, ಸೋಫಾರ್ ಕಂಪನಿಯ ಸ್ಪಾಟರ್, ವಾಷಿಂಗ್ಟನ್ ವಿಶ್ವವಿದ್ಯಾಲಯದ ಮೈಕ್ರೊಸ್ವಿಫ್ಟ್. ಇವುಗಳೊಳಗೆ ಫೋನಲ್ಲಿರೋ ತರದ್ದೇ ಜಿಪಿಎಸ್, ಮೋಷನ್ ಸೆನ್ಸರ್. ಗಾಳಿ ಜಾಸ್ತಿ ಆದ ಹಾಗೆ ಅಲೆಯ ಇಳಿಜಾರು ಒಂದು ಹಂತ ದಾಟಿ ಏರಲ್ಲ ಅಂತ ಇಂಥ ಡೇಟಾದಿಂದಲೇ ತೋರಿಸಿದ್ದು. ಅಗ್ಗದ ಸೆನ್ಸರ್ ತುಂಬಾ ಎಸೆಯೋದು ಅನ್ನೋ ಐಡಿಯಾಗೆ ಮಾತ್ರ ನನ್ನ ಓಟು.

ಈಗ ನಮ್ಮ ದೇಶಕ್ಕೆ ಸಿಗುತ್ತಾ ಅಂತ. ಸಿಗುತ್ತೆ, ಆದ್ರೆ ಯಾರಿಗೆ ಅನ್ನೋದು ಪ್ರಶ್ನೆ. ನೌಕಾಪಡೆ ಹತ್ರ 12 ಪಿ-8ಐ (ಪಿ-8ರ ಭಾರತದ ಮಾದರಿ) ಇದಾವೆ, ಒಂದು ತಂಡ ಅರಕ್ಕೋಣಂನ ಐಎನ್‌ಎಸ್ ರಾಜಾಳಿಯಲ್ಲಿ, 2022ರಿಂದ ಇನ್ನೊಂದು ತಂಡ ಗೋವಾದ ಐಎನ್‌ಎಸ್ ಹಂಸದಲ್ಲಿ, ಅಂದ್ರೆ ಕಾರವಾರದ ಪಕ್ಕದಲ್ಲೇ. 2024ರ ಆಗಸ್ಟಲ್ಲಿ ಅಮೆರಿಕ ಭಾರತಕ್ಕೆ ಸೋನೊಬಾಯ್ ಮಾರೋಕೆ ಒಪ್ಪಿಗೆ ಕೊಡ್ತು, ಅಂದಾಜು 5.28 ಕೋಟಿ ಡಾಲರ್. ಪೇಪರಲ್ಲೆಲ್ಲ ಸಬ್‌ಮರೀನ್ ಹುಡುಕೋ 53ಜಿ, 62ಎಫ್ ಅಂತ ಬರ್ದ್ರು, ನನ್ನ ಕಣ್ಣು ಹೋಗಿದ್ದು ಆ ಪಟ್ಟಿಯ ಮೂರನೇ ಹೆಸ್ರಿಗೆ: ಎಸ್‌ಎಸ್‌ಕ್ಯು-36. ನಮ್ಮ ಶಿಳ್ಳೆ ಡಬ್ಬಿ! ನೌಕಾಪಡೆಗೆ ಅದು ಬೇಕಾಗೋದು ಹವಾಮಾನಕ್ಕಲ್ಲ. ನೀರಲ್ಲಿ ಶಬ್ದದ ವೇಗ ಒಂದು ಡಿಗ್ರಿಗೆ ಸೆಕೆಂಡಿಗೆ ಸುಮಾರು 3 ಮೀಟರ್ ಬದಲಾಗುತ್ತೆ, ಹಾಗಾಗಿ ಟೆಂಪರೇಚರ್ ಬೀಳೋ ಪದರದಲ್ಲಿ ಶಬ್ದ ಬಾಗಿ ಹೋಗುತ್ತೆ, ಅದರ ಕೆಳಗೆ ಸಬ್‌ಮರೀನ್ ಅಡಗಿ ಕೂತ್ರೆ ಮೇಲಿನ ಮೈಕ್‌ಗೆ ಕೇಳಲ್ಲ. ಮೊದ್ಲು 36 ಎಸೆದು ಪದರ ಎಲ್ಲಿದೆ ನೋಡಿ, ಆಮೇಲೆ ಮೈಕ್ ಎಷ್ಟು ಆಳಕ್ಕೆ ಇಳಿಸೋದು ಅಂತ ತೀರ್ಮಾನ. 2025ರ ಜನವರೀಲಿ ಅಲ್ಟ್ರಾ ಮ್ಯಾರಿಟೈಮ್ ಮತ್ತೆ ನಮ್ಮ ಭಾರತ್ ಡೈನಾಮಿಕ್ಸ್ ಸೇರಿ ಸೋನೊಬಾಯ್‌ಗಳನ್ನ ಇಲ್ಲೇ ಮಾಡೋ ಮಾತೂ ಹೊರಗೆ ಬಂತು. ಬರ್ಲಿ. ನನ್ನ ಬೇಡಿಕೆ ಒಂದೆ: ಇಲ್ಲೇ ಮಾಡೋದೇ ಆದ್ರೆ ಉಪ್ಪು ಅಳೆಯೋದೂ ಒಂದು ಮಾಡಿ. ನಮ್ಮ ಕೊಲ್ಲೀಲಿ ಶಬ್ದಕ್ಕೂ ಅದು ಬೇಕು.

ಹವಾಮಾನದವ್ರ ಕಥೆ ಬೇರೆ. ಚಂಡಮಾರುತದ ಒಳಗೆ ಹೋಗೋಕೆ ಅಂತಲೇ ಇರೋ ವಿಮಾನ ನಮ್ಮ ಹವಾಮಾನ ಇಲಾಖೆ ಹತ್ರ ಇಲ್ಲ. ಹೈದರಾಬಾದಿನ ಇಂಕಾಯ್ಸ್ ಆರ್ಗೊ ಫ್ಲೋಟ್, ಉಪಗ್ರಹ, ಮಾಡೆಲ್ ಎಲ್ಲ ಸೇರ್ಸಿ ಸಮುದ್ರದ ಶಾಖದ ನಕ್ಷೆ ಕೊಡುತ್ತೆ, ಚೆನ್ನೈನ ಎನ್‌ಐಒಟಿ ಲಂಗರು ಹಾಕಿದ ಬಾಯ್‌ಗಳನ್ನ ನೋಡ್ಕೊಳ್ಳುತ್ತೆ, ಅವು ಒಳ್ಳೇ ಕೆಲ್ಸಾನೇ. ಆದ್ರೆ ಲಂಗರು ಹಾಕಿದ ಬಾಯ್ ಇದ್ದಲ್ಲಿಗೇ ಚಂಡಮಾರುತ ಬರ್ಬೇಕಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ನಮ್ಮ ಕರಾವಳಿ ಪಕ್ಕದಲ್ಲೇ ಸವರ್ಕೊಂಡು ಗುಜರಾತಿಗೆ ಹೋಯ್ತು, ಅರಬ್ಬಿ ಸಮುದ್ರ ಎಷ್ಟು ಆಳಕ್ಕೆ ಬಿಸಿ ಇತ್ತು ಅಂತ ಅದರ ದಾರೀಲೇ ಸಾಲಾಗಿ ಎಸೆದ ಪ್ರೊಫೈಲ್ ಇದ್ದಿದ್ರೆ ಅಂತ ಆಗ ಅನ್ಸಿದ್ದು ಇವತ್ತಿಗೂ ಹೋಗಿಲ್ಲ.

ಖರೀದಿ ಅನುಭವಕ್ಕೆ ಒಂದು ಸ್ಟಾರೂ ಕೊಡಲ್ಲ. ಒಂದು ಕಂಪನಿಗೆ, ಹೆಸ್ರು ಬೇಡ, ಬರೀ ತಂತಿಯ ಉದ್ದ ಮತ್ತೆ ಇಳಿಯೋ ವೇಗದ ಪರೀಕ್ಷೆ ರಿಪೋರ್ಟ್ ಕೊಡಿ ಅಂತ ಮೇಲ್ ಹಾಕಿದ್ರೆ ಉತ್ತರವಾಗಿ ಬಂದಿದ್ದು ರಫ್ತು ನಿಯಂತ್ರಣದ ಫಾರ್ಮ್, ಕೊನೆಯ ಬಳಕೆದಾರ ಯಾರು, ಯಾವ ದೇಶ, ಯಾವ ವಿಮಾನ ಅಂತ. ನಾನು ಕೇಳಿದ್ದು ಪಿಡಿಎಫ್ ಸ್ವಾಮಿ, ಟಾರ್ಪಿಡೊ ಅಲ್ಲ. ಸೋನೊಬಾಯ್ ವಂಶದಲ್ಲಿ ಹುಟ್ಟಿದ್ದಕ್ಕೆ ಪಾಪದ ಥರ್ಮಾಮೀಟರಿಗೂ ಈ ಗತಿ.

ಇನ್ನೊಂದು ಬೇಜಾರು, ಕಸ. ಎಎಕ್ಸ್‌ಬಿಟಿ ಕೆಲ್ಸ ಮುಗಿದ್ಮೇಲೆ ತನ್ನಷ್ಟಕ್ಕೆ ಮುಳುಗೋ ಹಾಗೆ ಮಾಡಿರ್ತಾರೆ, ಲೋಹ, ಪ್ಲಾಸ್ಟಿಕ್, ನೂರಾರು ಮೀಟರ್ ತಾಮ್ರದ ತಂತಿ, ಬ್ಯಾಟರಿ, ಪ್ಯಾರಾಚೂಟ್ ಎಲ್ಲ ತಳಕ್ಕೆ. ಒಂದು ಚಂಡಮಾರುತ ಊರಿಗೆ ಮಾಡೋ ಹಾನಿ ಮುಂದೆ ಇದು ಏನೂ ಅಲ್ಲ ಅನ್ನೋ ವಾದ ನಾನೂ ಒಪ್ತೀನಿ, ಆದ್ರೂ ಕರಗೋ ವಸ್ತು ಬಳಸೋದು ಇಷ್ಟು ವರ್ಷ ಆದ್ರೂ ಮಾಮೂಲಿ ಆಗಿಲ್ಲ ಅಂದ್ರೆ ಸೋಮಾರಿತನವೇ. ಮುಳುಗದೆ ತೇಲಿ ಬಂದು ದಡಕ್ಕೆ ಬೀಳೋದೂ ಉಂಟು. ನಮ್ಮ ಮೀನುಗಾರ ಅಣ್ಣಂದಿರು ಬಲೆಗೆ ಇಂಥ ಕೊಳವೆ ಸಿಕ್ರೆ ದಯವಿಟ್ಟು ಬಿಚ್ಚೋಕೆ ಹೋಗ್ಬೇಡಿ, ಒಳಗೆ ಬಲೂನ್ ಉಬ್ಬಿಸೋ ಗ್ಯಾಸ್ ಸಿಲಿಂಡರ್ ಇರ್ಬೋದು, ಕೆಲವು ಬ್ಯಾಟರಿ ನೀರು ತಾಗಿದ್ರೆ ಸುಡುವಷ್ಟು ಬಿಸಿ ಆಗುತ್ತೆ, ಗುಜರಿಗೆ ಹಾಕಿದ್ರೂ ನಾಲ್ಕು ಕಾಸು ಬರಲ್ಲ, ಕೋಸ್ಟ್ ಗಾರ್ಡಿಗೆ ತಿಳಿಸಿ.

ಸ್ಟಾರ್ ಲೆಕ್ಕ: ಎಎಕ್ಸ್‌ಬಿಟಿಗೆ ಐದಕ್ಕೆ ನಾಲ್ಕು, ಒತ್ತಡದ ಸೆನ್ಸರ್ ಇಲ್ಲದ್ದಕ್ಕೆ ಒಂದು ಕಟ್. ಬಂಗಾಳ ಕೊಲ್ಲೀಲಿ ಬಳಸಿದ್ರೆ ಅದೇ ಎರಡೂವರೆಗೆ ಇಳಿಯುತ್ತೆ. ಎಎಕ್ಸ್‌ಸಿಟಿಡಿ ಮೂರೂವರೆ, ನಮ್ಮಲ್ಲಾದ್ರೆ ನಾಲ್ಕೂವರೆ. ಅಲಾಮೊ ನಾಲ್ಕು, ದುಡ್ಡು ಬೇರೆಯವ್ರದ್ದಾದ್ರೆ ಐದು. ನನ್ನ ಕೈಗೆ ಬಜೆಟ್ ಕೊಟ್ರೆ ಎಎಕ್ಸ್‌ಬಿಟಿ ಸಾಲಾಗಿ ಎಸೆದು ಪ್ರತಿ ಐದಾರಕ್ಕೆ ಒಂದು ಎಎಕ್ಸ್‌ಸಿಟಿಡಿ ಸೇರಿಸ್ತೀನಿ, ಬಿಸಿ ಪದರ ದಪ್ಪ ಕಂಡಲ್ಲಿ ಎರಡು ಅಲಾಮೊ ಬಿಡ್ತೀನಿ.

ಡಬ್ಬಿ ಮುಟ್ಟದೆ ಆಟ ಆಡಬೇಕು ಅನ್ನೋ ಸ್ಟೂಡೆಂಟ್ಸ್‌ಗೆ: ಎಆರ್‌ಇಎಸ್ ಇಳಿಸ್ಕೊಳ್ಳಿ, ಮಾಮೂಲಿ ಲ್ಯಾಪ್‌ಟಾಪಲ್ಲಿ ನಡೆಯುತ್ತೆ, ಒಂದು ಆಡಿಯೊ ರೆಕಾರ್ಡಿಂಗ್ ಹುಡುಕಿ ಹಾಕಿ. ಅದಕ್ಕೂ ಮುಂಚೆ ನೀವೇ ನಾಲ್ಕು ಸಾಲು ಕೋಡ್ ಬರ್ದು, ಹತ್ತನೇ ಒಂದು ಸೆಕೆಂಡಿಗೊಮ್ಮೆ ಶಿಳ್ಳೆಯ ಫ್ರೀಕ್ವೆನ್ಸಿ ತೆಗೆದು, 1440 ಕಳೆದು 36ರಿಂದ ಭಾಗಿಸಿ ನೋಡಿ. ಆಳಕ್ಕೆ 1.52 ಒಂದ್ಸಲ, 1.6 ಒಂದ್ಸಲ ಹಾಕಿ ಎರಡೂ ಗೆರೆ ಒಂದರ ಮೇಲೊಂದು ಎಳೆದ್ರೆ ನಾನು ಮೇಲೆ ಯಾಕೆ ಅಷ್ಟು ಬೈದೆ ಅಂತ ಗೊತ್ತಾಗುತ್ತೆ. ಪ್ಲಾಟ್ ಮಾಡುವಾಗ ಆಳದ ಅಕ್ಷ ಕೆಳಮುಖ ತಿರುಗ್ಸೋದು ಮರೀಬೇಡಿ.